ಖಾಲಿ ಜಾಗದ ಚೀಟಿ

ನವೆಂಬರ್ ೧೯, ಭಾನುವಾರ

ಪ್ರೀತಿಯ ಅಪ್ಪಂಗೆ,

ನಿನ್ನ ಬುಗುರಿ ಮಾತಾಡ್ತಿದ್ದೀನಿ. ಹೌದು, ಬರೀತಿಲ್ಲ, ಮಾತಾಡ್ತಿದ್ದೀನಿ. ಹಾಸಿಗೆ ಮೇಲೆ ಕಾಲು ಮಡಚಿ ಕೂತು, ಕೆಳಗಡೆ ಮಲಗಿರೋ ಯಜಮಾನರಿಗೆ ಕೇಳಿಸಬಾರದು ಅಂತ ಕಂಬಳಿ ತಲೆ ಮೇಲೆ ಎಳ್ಕೊಂಡು ಫೋನಿಗೆ ಹೇಳ್ತಿದ್ದೀನಿ. ಫೋನು ಅದನ್ನ ಅಕ್ಷರ ಮಾಡುತ್ತೆ. ಅಕ್ಕ ನಾಳೆ ಆಫೀಸಲ್ಲಿ ಯಾರೂ ನೋಡದೇ ಇದ್ದಾಗ ಪ್ರಿಂಟ್ ತೆಗೆದು ನಿನ್ನ ಕೈಗೆ ಕೊಡ್ತಾಳೆ. ನಿನ್ನ ಕಿವಿಯಂತೂ ನಮ್ಮ ಬೈಂಡಿಂಗ್ ಅಂಗಡಿ ಕಟಿಂಗ್ ಮೆಷಿನ್ನು ತಿಂದುಹಾಕ್ತು, ಕಣ್ಣಾದ್ರೂ ಇನ್ನೂ ಗಟ್ಟಿ ಇದೆಯಂತಲ್ಲ. ಅಕ್ಕಾ, ಫೋನು ಎಲ್ಲಾದ್ರೂ ತಪ್ಪು ಬರೆದಿದ್ರೆ ತಿದ್ದು. ಆದ್ರೆ ನಾನು ಹೇಳಿದ್ದನ್ನ ತಿದ್ದಬೇಡ. ಒಂದು ಸಾಲೂ ತಿದ್ದಬೇಡ.

ನಾಲ್ಕು ತಿಂಗಳಾಯ್ತು ಸುದ್ದಿ ಕಳಿಸಿ. ಕೋಪ ಮಾಡ್ಕೊಂಡಿರ್ತೀಯ. ಮಾಡ್ಕೋ, ನಿನ್ನ ಹಕ್ಕು. ಕೆಲಸ ಜಾಸ್ತಿ ಇತ್ತು ಅಂತ ಹೇಳಬಹುದು, ಇತ್ತು ಕೂಡ. ಆದ್ರೆ ಅದಕ್ಕಲ್ಲ. ನಿನಗೆ ಬರೆಯೋಕೆ ಕೂತಾಗೆಲ್ಲ ಒಂದು ವಿಷಯ ಅಡ್ಡ ಬಂದು ಕೂತುಬಿಡೋದು. ಅದನ್ನ ಬಿಟ್ಟು ಬೇರೆ ಬರೆದ್ರೆ ಸುಳ್ಳು ಬರೆದ ಹಾಗಿರೋದು. ಅದನ್ನ ಕೊನೆಗೆ ಹೇಳ್ತೀನಿ. ಇವತ್ತು ಹೇಳೇ ಹೇಳ್ತೀನಿ. ಮೊದಲು ಒಳ್ಳೆ ಸುದ್ದಿ ಕೇಳು: ನಾನು ಕಳ್ಳಿ ಅಲ್ಲ ಅಂತ ಶುಕ್ರವಾರ ತೀರ್ಮಾನ ಆಯ್ತು!

ಗಾಬರಿಯಾಗಬೇಡ. ಮೊದಲಿಂದ ಹೇಳ್ತೀನಿ.

ಕಳೆದ ಸಲ ಬರೆದಾಗ ನಾನು ಈ ಪರದೇಶದ ಒಂದು ಬಟ್ಟೆ ಒಗೆಯೋ ಅಂಗಡೀಲಿದ್ದೆ. ಅದಕ್ಕೆ ಮೊದಲು ಪಾರ್ಸೆಲ್ ಗೋದಾಮು, ಅದಕ್ಕೂ ಮೊದಲು ಹೋಟೆಲ್ಲಿನ ಪಾತ್ರೆ. ಈಗ ಮೂರೂವರೆ ತಿಂಗಳಿಂದ ಒಂದೇ ಕಡೆ ಇದ್ದೀನಿ. ನನ್ನ ಮಟ್ಟಿಗೆ ಇದು ದಾಖಲೆ ಕಣಪ್ಪ. ಒಂದು ದಿನ ಆ ಅಂಗಡಿಗೆ ಒಬ್ಬರು ಮುದುಕರು ಕೋಟು ತಂದ್ರು. ಜೇಬಲ್ಲಿ ಹಳೇ ಪುಸ್ತಕ ಮರೆತಿದ್ರು. ನಾನು ಅದನ್ನ ತೆಗೆದು, ಕೈ ಅಭ್ಯಾಸ ನೋಡು, ಬೆನ್ನು ಹಿಡಿದು ಎಳೆಯದೆ ಎರಡೂ ಅಂಗೈ ಮೇಲೆ ಮಲಗಿಸಿ ಹೊಲಿಗೆ ನೋಡ್ತಾ ನಿಂತುಬಿಟ್ಟೆ. ಅವರು, "ಪುಸ್ತಕ ಹಿಡಿಯೋದು ಯಾರು ಕಲಿಸಿದ್ರಮ್ಮ?" ಅಂದ್ರು. "ನಮ್ಮಪ್ಪ," ಅಂದೆ. "ಇದರ ಲ್ಯಾಟಿನ್ ಓದೋದು?" ಅಂದ್ರು. "ಅದನ್ನ ಯಾರೂ ಕಲಿಸಲಿಲ್ಲ," ಅಂದೆ. ನಕ್ಕುಬಿಟ್ರು. ಮುಂದಿನ ವಾರ ಅವರ ಮನೆ ಮಹಡಿ ಮೇಲಿನ ಈ ಕೋಣೆಗೆ ಬಂದೆ.

ನಾನು ಅವರನ್ನ ಮೇಷ್ಟ್ರು ಅಂತೀನಿ. ಎಪ್ಪತ್ತೊಂಬತ್ತು ವರ್ಷ. ಪಾದ್ರಿಯಾಗೋಕೆ ಓದೋರಿಗೆ ನಲವತ್ತು ವರ್ಷ ಪಾಠ ಹೇಳಿದ್ದಾರೆ. ಇರೋದು ಒಂದೇ ಚಟ: ಅಚ್ಚಿನ ಯಂತ್ರ ಬಂದ ಹೊಸದರಲ್ಲಿ ಅಚ್ಚಾದ ಕ್ರೈಸ್ತ ಧರ್ಮಶಾಸ್ತ್ರದ ಪುಸ್ತಕ ಎಲ್ಲಿದ್ರೂ ಹುಡುಕಿ ತರೋದು. ಸೋಫಾ ಹರಿದಿದೆ, ಕೋಟಿಗೆ ಗುಂಡಿ ಇಲ್ಲ, ಪುಸ್ತಕಗಳಿಗೆ ಮಾತ್ರ ಒಂದೊಂದಕ್ಕೂ ಅಳತೆ ತೆಗೆದು ಹೊಲಿಸಿದ ಅಂಗಿ. ಒಟ್ಟು ಇನ್ನೂರ ಹನ್ನೆರಡು. ದೇವರು ಎಂಥೋನು, ಪಾಪ ಅಂದ್ರೇನು, ಸತ್ತಮೇಲೆ ಎಲ್ಲಿಗೆ ಹೋಗ್ತೀವಿ, ಎಲ್ಲ ಐನೂರು ವರ್ಷದ ಹಿಂದಿನ ಜಗಳ. ಅವರು ಜೀವ ಬಿಡೋದು ಆ ಜಗಳಕ್ಕೆ. ನಾನು ನೋಡೋದು ಕಾಗದ. ಅಪ್ಪ, ಆ ಕಾಗದ ನೀನು ಮುಟ್ಟಬೇಕು! ಹಳೇ ಬಟ್ಟೆ ಅರೆದು ಮಾಡಿದ್ದು. ಹಾಳೆ ತಿರುವಿದ್ರೆ ಹೊಸ ಗರಿಗರಿ ಅಂಗಿ ತೊಟ್ಟ ಸದ್ದು. ನಮ್ಮ ಅಂಗಡಿ ರಿಜಿಸ್ಟರು ಇಪ್ಪತ್ತು ವರ್ಷಕ್ಕೆ ಹಪ್ಪಳ ಆಗುತ್ತೆ, ಇದು ಐನೂರು ವರ್ಷ ಆದ್ರೂ ಬೆಳ್ಳಗಿದೆ. ಮೊದಲನೇ ಅಕ್ಷರಕ್ಕೆ ಅಚ್ಚಿನವರು ಜಾಗ ಖಾಲಿ ಬಿಡ್ತಿದ್ರಂತೆ, ಆಮೇಲೆ ಯಾರೋ ಕೂತು ಕೆಂಪು ಬಣ್ಣದಲ್ಲಿ ಕೈಯಲ್ಲಿ ಬರೆಯೋರಂತೆ. ಕೆಲವು ಕಡೆ ಬರೆಯೋದೇ ಮರೆತಿದ್ದಾರೆ. ಆಗಿನ ಕಾಲದಲ್ಲೂ ಕೆಲಸ ಬಾಕಿ ಇಟ್ಟು ಮನೆಗೆ ಹೋಗೋರು ಇದ್ರು! ಹೊಲಿಗೆ ಮಾತ್ರ ನಿನ್ನದೇ. ದಾರದ ಕೊನೇಲಿ ನೀನು ಹಾಕ್ತೀಯಲ್ಲ ಆ ಗಂಟು, ಅದೇ ಗಂಟು.

ನನ್ನ ಕೆಲಸ ಧೂಳು ತೆಗೆಯೋದು, ಹರಿದ ಅಂಚಿಗೆ ತೆಳು ಕಾಗದ ಅಂಟಿಸೋದು, ಒಂದೊಂದು ಹಾಳೆನೂ ಎಣಿಸಿ ಪಟ್ಟಿ ಮಾಡೋದು. ಯಾಕಂದ್ರೆ ಮೇಷ್ಟ್ರು ಇಡೀ ರಾಶಿಯನ್ನ ಒಂದು ಲೈಬ್ರರಿಗೆ ದಾನ ಕೊಡ್ತಿದ್ದಾರೆ. "ನಾನು ಹೋದಮೇಲೆ ನನ್ನ ಮಗಳು ಇದನ್ನೆಲ್ಲ ಹಲ್ಲಿಗೆ ತುಂಬಿಸ್ತಾಳೆ," ಅಂತ ತಮಾಷೆ ಮಾಡ್ತಾರೆ. ಮಗಳು ಹಲ್ಲಿನ ಡಾಕ್ಟರು. ವಾರಕ್ಕೆ ಎರಡು ಸಲ ಬಂದು ಫ್ರಿಜ್ ತುಂಬಿ, ಗುಳಿಗೆ ಲೆಕ್ಕ ನೋಡಿ, ನನ್ನ ಕಡೆ ಒಂದು ಸಲ ನೋಡಿ ಹೋಗ್ತಿದ್ರು. ಆ ನೋಟದಲ್ಲಿ ನಾನೂ ಯಾವುದೋ ಹುಳುಕು ಹಲ್ಲೇ.

ಈ ಮನೇಲಿ ಒಂದು ಕಟ್ಟುನಿಟ್ಟು ಇದೆ. ಕಪಾಟಿಂದ ಪುಸ್ತಕ ತೆಗೆದ್ರೆ ಆ ಖಾಲಿ ಜಾಗದಲ್ಲಿ ಒಂದು ಹಸಿರು ಚೀಟಿ ನಿಲ್ಲಿಸಬೇಕು. ಯಾರು ತೆಗೆದ್ರು, ಯಾವತ್ತು, ಎಲ್ಲಿದೆ. ಮೇಷ್ಟ್ರು ಸ್ನಾನದ ಮನೆಗೆ ಪುಸ್ತಕ ತಗೊಂಡು ಹೋದ್ರೂ ಚೀಟಿ ಇಡ್ತಾರೆ, ಸತ್ಯವಾಗಿ. ಇನ್ನೊಂದು: ಹುಳ ಬಿದ್ದ ಪುಸ್ತಕಕ್ಕೆ ಇಲ್ಲಿ ಔಷಧಿ ಹೊಡೆಯಲ್ಲ. ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಗಾಳಿ ಒತ್ತಿ ತೆಗೆದು, ಬಾಯಿ ಬಿಗಿದು, ಮೂರು ವಾರ ಫ್ರೀಜರಿನಲ್ಲಿ ಇಡ್ತಾರೆ. ಹುಳ ಚಳಿಗೆ ಸಾಯುತ್ತೆ. ಅದಕ್ಕೇ ಅಂತ ನೆಲಮಾಳಿಗೇಲಿ ಬೇರೆ ಫ್ರೀಜರಿದೆ. ನಗಬೇಡ. ನೀನಾಗಿದ್ರೆ ಬಿಸಿಲಿಗೆ ಹಾಕ್ತಿದ್ದೆ, ಗೊತ್ತು.

ಈಗ ಡುಮ್ಮನ ವಿಷಯ. ಡುಮ್ಮ ಅಂದ್ರೆ ಒಂದು ಪುಸ್ತಕ. ಅಂಗೈಯಷ್ಟಗಲ, ಇಟ್ಟಿಗೆಯಷ್ಟು ದಪ್ಪ, ಮರದ ರಟ್ಟು, ಹಿತ್ತಾಳೆ ಕೊಂಡಿ. ಜನ ಪಾದ್ರಿ ಹತ್ರ ಬಂದು ತಮ್ಮ ಪಾಪ ಹೇಳ್ಕೊಳ್ತಾರಲ್ಲ, ಅದನ್ನ ಪಾದ್ರಿ ಹೇಗೆ ಕೇಳಬೇಕು, ಯಾವ ತಪ್ಪಿಗೆ ಏನು ಪ್ರಾಯಶ್ಚಿತ್ತ ಹೇಳಬೇಕು ಅಂತ ಕಲಿಸೋ ಪುಸ್ತಕ. ಇನ್ನೂರ ಹನ್ನೆರಡರಲ್ಲಿ ಮೇಷ್ಟ್ರಿಗೆ ಪ್ರಾಣ ಇದೇ. ಇದನ್ನ ಹುಡುಕೋಕೆ ಹದಿನೇಳು ವರ್ಷ ಹಿಡೀತಂತೆ. ನಾನು ಮೆತ್ತನೆ ಬ್ರಶ್ಶಲ್ಲಿ ಧೂಳು ತೆಗೀತಿದ್ರೆ ಅವರು ಪಕ್ಕದಲ್ಲಿ ಕೂತು ಲ್ಯಾಟಿನ್ ಓದಿ ಅರ್ಥ ಹೇಳೋರು. ಒಂದು ಪುಟದ ಅಂಚಲ್ಲಿ ಯಾರೋ ಹಳೇ ಕಾಲದವನು ಶಾಯಿಯಲ್ಲಿ ಒಂದು ಪುಟ್ಟ ಕೈ ಬರೆದಿದ್ದ. ತೋರುಬೆರಳು ಮಾತ್ರ ವಿಪರೀತ ಉದ್ದ. "ಇಲ್ಲಿ ನೋಡು ಅಂತ ತೋರಿಸೋ ಕೈ," ಅಂದ್ರು ಮೇಷ್ಟ್ರು. ಏನು ನೋಡಬೇಕು ಅಂತ ಕೇಳಿದೆ. ಕನ್ನಡಕ ಏರಿಸಿ ಓದಿದ್ರು: ಕದ್ದ ವಸ್ತು ಹಿಂದಕ್ಕೆ ಕೊಟ್ರೆ ಅಷ್ಟಕ್ಕೇ ಮುಗಿಯಲ್ಲ. ನಿನ್ನ ಕಳ್ಳತನದಿಂದ ಇನ್ನೊಬ್ಬರ ಹೆಸರು ಕೆಟ್ಟಿದ್ರೆ, ಯಾರ ಮುಂದೆ ಕೆಟ್ಟಿತೋ ಅವರ ಮುಂದೇನೇ ಅದನ್ನೂ ಹಿಂದಕ್ಕೆ ಕೊಡಬೇಕು. ಅಲ್ಲೀವರೆಗೂ ಕ್ಷಮೆ ಇಲ್ಲ ಅಂತ ಪಾದ್ರಿ ಹೇಳಬೇಕು.

ನನ್ನ ಬ್ರಶ್ಶು ನಿಂತುಹೋಯ್ತು.

"ಯಾಕಮ್ಮ?" ಅಂದ್ರು.

"ಧೂಳು ಮೂಗಿಗೆ ಹೋಯ್ತು," ಅಂದೆ.

ಅದೇ ದಿನ ಡುಮ್ಮನ ರಟ್ಟಿನ ಕೆಳಗೆ ಸಣ್ಣ ಹುಡಿ ಬಿದ್ದಿತ್ತು. ಹುಳ. ಮೇಷ್ಟ್ರಿಗೆ ತೋರಿಸಿದೆ. "ನಾಳೆ ನೋಡೋಣ," ಅಂದ್ರು. ಮಾರನೇ ದಿನ ಮಂಗಳವಾರ, ನನಗೆ ರಜ. ರಜ ಮುಗಿಸಿ ಬಂದ್ರೆ ಕಪಾಟಲ್ಲಿ ಡುಮ್ಮ ಇಲ್ಲ, ಚೀಟಿನೂ ಇಲ್ಲ. ಮೇಷ್ಟ್ರು ಓದ್ತಿರಬೇಕು ಅಂದ್ಕೊಂಡೆ. ಕೇಳಲಿಲ್ಲ. ಕೇಳಬೇಕಿತ್ತು. ನನ್ನ ತಪ್ಪು ಅಷ್ಟೇ.

ಮೊನ್ನೆ ಗುರುವಾರ ಲೈಬ್ರರಿಯಿಂದ ಒಬ್ಬ ಮೇಡಂ ಬಂದ್ರು, ಪಟ್ಟಿ ಹಿಡ್ಕೊಂಡು ಒಂದೊಂದೇ ತಾಳೆ ನೋಡೋಕೆ. ನಲವತ್ತಾರು ಪುಸ್ತಕ ಸರಿಯಾಗಿತ್ತು. ನಲವತ್ತೇಳು ಡುಮ್ಮ. ಖಾಲಿ ಜಾಗ. ಬೆರಳು ಹಾಕಿ ನೋಡಿದ್ರು, ಹಿಂದಕ್ಕೆ ಬಿದ್ದಿರಬಹುದು ಅಂತ. ನೆಲಮಾಳಿಗೆಗೆ ಓಡಿದೆ. ಫ್ರೀಜರು ಖಾಲಿ. ಮೇಷ್ಟ್ರ ಮುಖ ಕಾಗದ ಆಯ್ತು. "ನಾನು ಮುಟ್ಟೇ ಇಲ್ಲ. ಮುಟ್ಟಿದ್ರೆ ಚೀಟಿ ಇಡ್ತಿರಲಿಲ್ವಾ?" ಅಂದ್ರು. ಅವರು ಸುಳ್ಳು ಹೇಳ್ತಿರಲಿಲ್ಲ ಅಪ್ಪ. ಅವರಿಗೆ ನಿಜವಾಗ್ಲೂ ಹಾಗೇ ಅನಿಸಿತ್ತು. ಅವರು ಮುಟ್ಟಿಲ್ಲ ಅಂದ್ಮೇಲೆ ಆ ಮನೇಲಿ ಉಳಿದೋಳು ಯಾರು?

ಮೇಷ್ಟ್ರು ಫೋನ್ ಮಾಡಿ ಹೇಳಿದ್ದೇ ತಡ, ಹಲ್ಲಿನ ಡಾಕ್ಟರು ಅರ್ಧ ಗಂಟೇಲಿ ಬಂದ್ರು. ಬಿಳಿ ಕೋಟು ಬಿಚ್ಚೋಕೂ ಪುರುಸೊತ್ತಿಲ್ಲ.

"ಮಂಗಳವಾರ ಎಲ್ಲಿಗೆ ಹೋಗಿದ್ದೆ?"

"ಎಲ್ಲೂ ಇಲ್ಲ. ಸುಮ್ನೆ ನಡ್ಕೊಂಡು."

"ಇಡೀ ದಿನ?"

"ಹೂಂ. ನನಗೆ ಒಂದು ಕಡೆ ಕೂರೋಕಾಗಲ್ಲ."

ನಿಜ ಹೇಳಿದಾಗ ಅದು ಎಷ್ಟು ಸುಳ್ಳಿನ ಥರ ಕೇಳುತ್ತೆ ನೋಡು! ಮೇಷ್ಟ್ರು, "ಅವಳ ಚೀಲಕ್ಕೆ ಕೈ ಹಾಕಬೇಡ," ಅಂತ ಮಗಳ ಮೇಲೆ ರೇಗಿದ್ರು. ನಾನೇ ಹೋಗಿ ನನ್ನ ಚೀಲ ತಂದು ಮೇಜಿನ ಮೇಲೆ ಬೋರಲು ಹಾಕಿದೆ. ಅಂಗಿ, ಸಾಕ್ಸು, ಹಲ್ಲುಜ್ಜೋ ಬ್ರಶ್ಶು, ಎಲ್ಲ ಆ ಮೂರು ಜನರ ಮುಂದೆ. ಪುಸ್ತಕ ಇರಲಿಲ್ಲ. ಇನ್ನೇನೋ ಒಂದು ಇತ್ತು, ಅದನ್ನ ಆಮೇಲೆ ಹೇಳ್ತೀನಿ. ಲೈಬ್ರರಿ ಮೇಡಂ ಕಿಟಕಿ ಕಡೆ ತಿರುಗಿ ನಿಂತ್ರು. ಒಳ್ಳೆಯವರು ಹಾಗೆ ತಿರುಗಿ ನಿಂತಾಗ್ಲೇ ಜಾಸ್ತಿ ನೋವಾಗೋದು.

ನಾನು ಈ ದೇಶದಲ್ಲಿ ಇರೋಕೆ ಒಂದು ಕಾಗದ ಬೇಕು, ಮೇಷ್ಟ್ರು ಅದಕ್ಕೆ ಈ ತಿಂಗಳ ಕೊನೆಗೆ ಸಹಿ ಹಾಕಬೇಕಿತ್ತು. ಕಳ್ಳಿ ಅಂತ ಒಂದು ಮಾತು ಹೊರಗೆ ಹೋದ್ರೆ ಸಹಿನೂ ಇಲ್ಲ, ಕೋಣೆನೂ ಇಲ್ಲ, ಬೇರೆ ಯಾರೂ ಬಾಗಿಲು ತೆಗೆಯಲ್ಲ. ಆದ್ರೆ ಆಗ ನನ್ನ ತಲೇಲಿ ಅದು ಇರಲೇ ಇಲ್ಲ. ನಾನು ತೆಗೆದಿಲ್ಲ, ಇವರು ನಂಬ್ತಿಲ್ಲ, ಇದನ್ನ ತೋರಿಸೋಕೆ ನನ್ನ ಹತ್ರ ಏನೂ ಇಲ್ಲ. ಅಷ್ಟೇ ಗುಂಯ್ ಅಂತಿತ್ತು.

ಫೋನು ನಿಂತುಹೋಗಿತ್ತು. ಮತ್ತೆ ಶುರು ಮಾಡಿದ್ದೀನಿ. ಎಲ್ಲಿದ್ದೆ? ಹಾಂ.

ಲೈಬ್ರರಿ ಮೇಡಂ ಇನ್ನೊಂದು ದಿನ ಬರ್ತೀನಿ ಅಂತ ಹೋದ್ರು. ಬೇಡ ಅಂದ್ರೂ ಮೇಷ್ಟ್ರು ಕೇಳಲಿಲ್ಲ, ಏಣಿ ಹಾಕ್ಕೊಂಡು ತಾವೇ ಮೇಲಿನ ಸಾಲು ಹುಡುಕೋಕೆ ಹತ್ತಿದ್ರು. ಎರಡನೇ ಮೆಟ್ಟಿಲಲ್ಲಿ ಕಾಲು ಜಾರಿ ಮೊಣಕಾಲು ಕಪಾಟಿಗೆ ಧಡ್ ಅಂತು. ಮೊದಲೇ ಆ ಕಾಲು ನೋವು. ನಾವಿಬ್ಬರೂ ಹಿಡಿದು ಕುರ್ಚಿಗೆ ಕೂರಿಸಿದ್ವಿ. ಡಾಕ್ಟರು ಅಡುಗೆಮನೆಗೆ ಓಡಿ, ಫ್ರಿಜ್ಜಿನ ಮೇಲಿನ ಐಸಿನ ಖಾನೆಗೆ ಕೈ ಹಾಕಿ ಕೈಗೆ ಸಿಕ್ಕ ಬಟಾಣಿ ಪೊಟ್ಟಣ ನೋಡದೇ ಟವೆಲ್ಲಲ್ಲಿ ಸುತ್ತಿ ತಂದು ಮೊಣಕಾಲಿನ ಮೇಲೆ ಒತ್ತಿ ಇಟ್ರು. ನಾನು ಬಾಗಿಲ ಹತ್ರ ನಿಂತಿದ್ದೆ, ಹೋಗಬೇಕೋ ಇರಬೇಕೋ ಗೊತ್ತಾಗದೆ.

ಐದು ನಿಮಿಷ ಆಗಿರಬೇಕು. ಮೇಷ್ಟ್ರು ಟವೆಲ್ ಮೇಲೆ ಕೈ ಆಡಿಸ್ತಾ ಇದ್ದೋರು ನಿಲ್ಲಿಸಿದ್ರು. ಮತ್ತೆ ಸವರಿದ್ರು.

"ಈ ಬಟಾಣಿಗೆ ಮೂಲೆಗಳಿವೆ," ಅಂದ್ರು.

"ಏನಪ್ಪಾ?"

"ಮೂಲೆ ಕಣೇ. ಕೊಂಡಿನೂ ಇದೆ."

ಟವೆಲ್ ಬಿಚ್ಚಿದ್ರೆ ಡುಮ್ಮ! ಚೀಲದೊಳಗೆ, ಗಾಳಿ ತೆಗೆದು, ಬಾಯಿ ಬಿಗಿದು, ಶಾಸ್ತ್ರೋಕ್ತವಾಗಿ. ಪಾರದರ್ಶಕ ಪ್ಲಾಸ್ಟಿಕ್ಕಿನ ಒಳಗೆ, ಪುಸ್ತಕದ ಹಾಳೆ ಮಧ್ಯದಿಂದ ಹಸಿರು ಚೀಟಿ ಇಣುಕ್ತಾ ಇತ್ತು. ಮೇಷ್ಟ್ರದೇ ಅಕ್ಷರ: ಮಂಗಳವಾರ, ನಾನೇ ತೆಗೆದೆ, ಚಳಿಗೆ. ಏನಾಗಿತ್ತು ಗೊತ್ತಾ? ನಾನಿಲ್ಲದ ದಿನ ಅವರೇ ಡುಮ್ಮನ್ನ ಚೀಲಕ್ಕೆ ಹಾಕಿದ್ದಾರೆ. ನೆಲಮಾಳಿಗೆ ಮೆಟ್ಟಿಲು ಇಳಿಯೋಕೆ ಮೊಣಕಾಲು ಒಪ್ಪಲಿಲ್ಲ, ಅಡುಗೆಮನೆ ಫ್ರಿಜ್ಜಿಗೆ ತುರುಕಿದ್ದಾರೆ. ಚೀಟಿ ಬರೆದಿದ್ದಾರೆ, ನಿಯಮ ಅಂದ್ರೆ ನಿಯಮ. ಆದ್ರೆ ಕಪಾಟಲ್ಲಿ ನಿಲ್ಲಿಸೋ ಚೀಟಿನ ಪುಸ್ತಕದೊಳಗೇ ಇಟ್ಟು ಬಾಯಿ ಬಿಗಿದುಬಿಟ್ಟಿದ್ದಾರೆ. ಆಮೇಲೆ ಇಡೀ ವಿಷಯ ತಲೆಯಿಂದ ಹೋಗಿದೆ.

ಡಾಕ್ಟರಿಗೆ ನಗು ಬಂತು, ನಗ್ತಾ ನಗ್ತಾ ಅಳು ಬಂತು. ನಾನು ಅಲ್ಲೇ ನೆಲದ ಮೇಲೆ ಕೂತೆ. ಎಂಥ ನಿರಾಳ ಅಂತೀಯ! ಮಳೆ ನಿಂತಮೇಲೂ ಛತ್ರಿ ಹಿಡ್ಕೊಂಡೇ ಇದ್ದ ಕೈ ಸಡಿಲ ಬಿಟ್ಟ ಹಾಗೆ. ಡಾಕ್ಟರು ಚೀಲ ಬಿಚ್ಚೋಕೆ ಹೋದ್ರು. ಮೇಷ್ಟ್ರೂ ನಾನೂ ಒಟ್ಟಿಗೆ, "ಬೇಡ!" ಅಂತ ಕಿರುಚಿದ್ವಿ. ತಣ್ಣಗಿರೋವಾಗ ಬಿಚ್ಚಿದ್ರೆ ಹಾಳೆ ಮೇಲೆಲ್ಲ ನೀರು ಕೂರುತ್ತೆ. ಸುಮ್ನೆ ಮೇಜಿನ ಮೇಲಿಟ್ಟು ಒಂದು ದಿನ ಕಾದು, ಲೈಬ್ರರಿ ಮೇಡಂ ತಾಳೆ ನೋಡಿದಮೇಲೆ ಹುಳ ಸಾಯೋಕೆ ಮತ್ತೆ ಚಳಿಗೆ ಇಡಬೇಕು. ಆದ್ರಿಂದ ಡುಮ್ಮ ಚೀಲದೊಳಗೇ ಮಲಗಿದ್ದ, ನಾವು ಮೂರೂ ಜನ ಸುತ್ತ ಕೂತು ಬ್ರೆಡ್ಡು ತಿಂದು ಸೂಪು ಕುಡಿದ್ವಿ. ಆಸ್ಪತ್ರೇಲಿ ರೋಗಿಗೆ ಎಚ್ಚರ ಆಗೋದನ್ನ ಕಾಯೋ ಹಾಗೆ.

ಅಷ್ಟಕ್ಕೇ ಮುಗೀತು ಅಂದ್ಕೊಂಡೆ. ಶುಕ್ರವಾರ ಮೇಷ್ಟ್ರು ಲೈಬ್ರರಿ ಮೇಡಮ್ಮನ್ನ ಮತ್ತೆ ಕರೆಸಿದ್ರು. ಮಗಳನ್ನೂ ಕ್ಲಿನಿಕ್ ಮುಚ್ಚಿಸಿ ಕೂರಿಸಿದ್ರು. ನನ್ನನ್ನ ಮಧ್ಯದಲ್ಲಿ. ಗುಂಡಿ ಇಲ್ಲದ ಕೋಟು ಹಾಕ್ಕೊಂಡು, ಕೋಲು ಹಿಡಿದು ಎದ್ದು ನಿಂತು, "ಪುಸ್ತಕ ತೆಗೆದೋನು ನಾನು. ಮರೆತೋನೂ ನಾನು. ಈ ಹುಡುಗಿ ಹೆಸರು ಈ ಕೋಣೇಲಿ ನಿಮ್ಮ ಮುಂದೆ ಕೆಟ್ಟಿತು, ಅದಕ್ಕೆ ಈ ಕೋಣೇಲಿ ನಿಮ್ಮ ಮುಂದೇನೇ ವಾಪಸ್ ಕೊಡ್ತಿದ್ದೀನಿ," ಅಂದ್ರು. ತಮ್ಮ ಮರೆವನ್ನ ಮಗಳ ಮುಂದೆ ಒಪ್ಪಿಕೊಳ್ಳೋದು ಅವರಿಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಗುಳಿಗೆ ಮರೆತ್ರೂ ಮುಚ್ಚಿಡೋ ಮನುಷ್ಯ. ಹೇಳಿ ಮುಗಿಸಿದಮೇಲೆ ಹತ್ತು ವರ್ಷ ಚಿಕ್ಕೋರ ಥರ ಕಂಡ್ರು.

ಡಾಕ್ಟರಿಗೆ ಕ್ಷಮೆ ಕೇಳೋಕೆ ಬರಲ್ಲ. ಬಾಗಿಲ ಹತ್ರ ನನ್ನನ್ನ ನಿಲ್ಲಿಸಿ, "ಬಾಯಿ ತೆಗಿ," ಅಂದ್ರು. ತೆಗೆದೆ. "ಎಡಗಡೆ ದವಡೆ ಹಲ್ಲು ಎಷ್ಟು ದಿನದಿಂದ ನೋಯ್ತಿದೆ?" "ಎರಡು ತಿಂಗಳು." "ಹೇಳೋಕೇನಾಗಿತ್ತು ಧಾಡಿ? ನಾಳೆ ಬೆಳಿಗ್ಗೆ ಬಾ." ನಿನ್ನೆ ಹೋಗಿ ತುಂಬಿಸ್ಕೊಂಡು ಬಂದೆ. ಈಗ ಎಡಗಡೆನೂ ಅಗೀತೀನಿ. ಮೇಷ್ಟ್ರು ಕಾಗದಕ್ಕೆ ಸಹಿ ಹಾಕಿದ್ದಾರೆ. ಎರಡು ವರ್ಷಕ್ಕೆ. ಪುಸ್ತಕಗಳ ಜೊತೆ ನನ್ನನ್ನೂ ತಗೋತೀವಿ ಅಂತ ಲೈಬ್ರರಿ ಮೇಡಂ ಅರ್ಧ ತಮಾಷೆಯಾಗಿ ಅಂದ್ರು, ಅರ್ಧ ನಿಜವಾಗಿ.

ಇಷ್ಟೇ ಅಪ್ಪ ಸುದ್ದಿ. ನಿನ್ನ ಬೆನ್ನು ನೋವು ಹೇಗಿದೆ? ದೊಡ್ಡ ರಿಜಿಸ್ಟರುಗಳನ್ನ ಒಬ್ಬನೇ ಎತ್ತಬೇಡ. ಅಕ್ಕನ ಮಗುಗೆ ಮುತ್ತು. ದೂರದಿಂದಲೇ ನಿನ್ನ ಕಾಲು ಮುಟ್ಟಿದ್ದೀನಿ ಅಂದ್ಕೋ. ಗೋಂದು ಅಂಟಿದ ಆ ಕೈನ ನನ್ನ ತಲೆ ಮೇಲೆ ಇಡು. ಕೂದಲು ಅಂಟ್ಕೊಂಡ್ರೂ ಪರವಾಗಿಲ್ಲ.

ನಿನ್ನ,
ಬುಗುರಿ

ಮರೆತಿದ್ದು: ಮರೆತಿಲ್ಲ. ಇದನ್ನ ಹೇಳೋಕೇ ಇಷ್ಟು ಹೊತ್ತು ಸುತ್ತು ಹಾಕಿದೆ.

ನನ್ನ ಚೀಲದಿಂದ ಬಿದ್ದಿದ್ದನ್ನ ಡಾಕ್ಟರು ಎತ್ತಿ, "ಇದೇನು?" ಅಂದ್ರು. "ತಾತನ ಮೂಳೆ," ಅಂದೆ. ಕೈ ಸುಟ್ಟೋರ ಥರ ಕೆಳಗೆ ಹಾಕಿದ್ರು. ಅಲ್ಲ, ನಮ್ಮ ತಾತ ಕಾಗದದ ಮಡಿಕೆ ಒತ್ತೋಕೆ ಇಟ್ಕೊಂಡಿದ್ದ ಮೂಳೆ, ಅಂತ ಬಿಡಿಸಿ ಹೇಳಬೇಕಾಯ್ತು. ಹೌದಪ್ಪ. ಅದೇ ಮೂಳೆ. ಒಂದು ತುದಿ ನಿನ್ನ ಹೆಬ್ಬೆರಳಿಗೆ ಸವೆದಿರೋದು.

ನಾನೇ ತೆಗೆದಿದ್ದು. ಊರು ಬಿಟ್ಟ ಬೆಳಿಗ್ಗೆ. ಹಿಂದಿನ ದಿನ ನೀನು, "ಈ ಕೆಲಸ ನಿನಗಲ್ಲ, ನೀನು ಒಂದು ಕಡೆ ಕೂರೋಳಲ್ಲ," ಅಂದಿದ್ದೆ. ಕೂರಲ್ಲ, ಆದ್ರೂ ನಂದೂ ಅಲ್ವಾ ಅದು ಅಂತ ಹಠ ಬಂತು. ಎತ್ತಿ ಚೀಲಕ್ಕೆ ಹಾಕ್ಕೊಂಡೆ. ಎರಡು ವಾರ ಆದಮೇಲೆ ಅಕ್ಕ ಫೋನಲ್ಲಿ ಹೇಳಿದ್ಲು, ಮೂಳೆ ಕಳೆದಿದೆ, ನೀನು ಗೋಂದು ಮಾಮನ್ನ ಎಲ್ಲರ ಮುಂದೆ ಒಂದೇ ಒಂದು ಸಲ, "ನೀನು ತಗೊಂಡ್ಯಾ?" ಅಂತ ಕೇಳಿದೆ, ಮಾಮ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಹೋದೋರು ಮತ್ತೆ ಬರಲಿಲ್ಲ ಅಂತ. ಇಪ್ಪತ್ತೆರಡು ವರ್ಷ ನಿನ್ನ ಪಕ್ಕ ಕೂತು ಗೋಂದು ಕಲೆಸಿದ ಮನುಷ್ಯ. ನನಗೆ ಹೊಲಿಗೆ ಹಾಕೋದು ಕಲಿಸಿದ್ದೂ ಅವರೇ, ನೀನಲ್ಲ. ಆಗ ನನ್ನ ಕೈಯಲ್ಲೇ ಮೂಳೆ ಇತ್ತು. "ಅಯ್ಯೋ ಪಾಪ," ಅಂದೆ. ಒಂದೂವರೆ ವರ್ಷದಿಂದ ಅಷ್ಟೇ ಅಂದಿದ್ದೀನಿ.

ಗುರುವಾರ ಆ ಮೂರು ಜನರ ಮುಂದೆ ಚೀಲ ಬೋರಲು ಹಾಕಿ ನಿಂತಾಗ ಮಾಮನ ಮೊಳೆ ನೆನಪಾಯ್ತು. ನನಗೆ ಒಂದೇ ದಿನದಲ್ಲಿ ಹೆಸರು ವಾಪಸ್ ಬಂತು.

ನಾನು ಅವತ್ತು ಚೀಟಿ ಇಡಲಿಲ್ಲ ಅಪ್ಪ. ಈ ಕಾಗದವೇ ಆ ಚೀಟಿ. ಇದನ್ನ ಅಕ್ಕ ಅಂಗಡೀಲಿ ಜೋರಾಗಿ ಓದಬೇಕು. ನೀನು ಮಾಮನ್ನ ಕೇಳಿದ ದಿನ ಅಲ್ಲಿದ್ದ ಕಟಿಂಗ್ ಮೆಷಿನ್ನಿನವರು ಇರಬೇಕು, ನೋಟ್‌ಬುಕ್ ತಗೊಳ್ಳೋಕೆ ಬಂದಿದ್ದ ಸ್ಕೂಲ್ ಮೇಡಮ್ಮನ್ನೂ ಕರೆಸು. ನನ್ನನ್ನ ಎಷ್ಟು ಬೇಕಾದ್ರೂ ಬೈಕೋ, ನಾನು ಓದ್ಕೋತೀನಿ. ಹೇಳಿಬಿಟ್ಟೆನಲ್ಲ, ಈಗ ಹೆದರಿಕೆ ಇಲ್ಲ.

ಮೂಳೆನ ನಿನ್ನೆ ಪೋಸ್ಟ್ ಮಾಡಿದೆ. ನಿನ್ನ ಹೆಸರಿಗಲ್ಲ, ಮಾಮನ ಹೆಸರಿಗೆ, ಮಾಮನ ಮನೆಗೆ. ಒಳಗೆ ಅವರಿಗೂ ಬೇರೆ ಕಾಗದ ಇದೆ. ನಿನಗೆ ಕೊಡಬೇಕು ಅನಿಸಿದ್ರೆ ಅವರೇ ತಂದು ಕೊಡ್ಲಿ, ಇಲ್ಲದಿದ್ರೆ ಅವರ ಹತ್ರಾನೇ ಇರ್ಲಿ ಅಂತ ಬರೆದಿದ್ದೀನಿ. ಹತ್ತು ದಿನ ಆಗುತ್ತಂತೆ ತಲುಪೋಕೆ. ಅವರು ಬಂದು ಬಾಗಿಲು ತಟ್ಟಿದ್ರೆ ನಿನಗೆ ಕೇಳಿಸಲ್ಲ. ಎರಡನೇ ಸಲ ತಟ್ಟೋ ಮನುಷ್ಯ ಅವರಲ್ಲ. ಅದಕ್ಕೆ ಅಪ್ಪ, ಹತ್ತನೇ ದಿನದಿಂದ ಅಂಗಡಿ ಬಾಗಿಲು ತೆಗೆದೇ ಇಟ್ಟಿರು.